ಸಾಲುಮರಗಳ ಚೆಲುವು ಮತ್ತು ಸಮಾಜದ ಬಾಳಿಕೆ



ಉದ್ಯಾನವನ್ನೂ ಬೀದಿಯ ಸಾಲುಮರವನ್ನೂ ಕೇವಲ ಅಲಂಕಾರವೆಂದೆಣಿಸಿ, ರಸ್ತೆ, ನೀರು, ಒಳಚರಂಡಿಗಳ ವೆಚ್ಚವೆಲ್ಲ ಕಳೆದ ಮೇಲೆ ಹಣವೇನಾದರೂ ಉಳಿದರೆ ಕೈಗೊಳ್ಳಬಹುದಾದ ಕಾರ್ಯವೆಂದು ಬಗೆಯುವ ಅಭಿಪ್ರಾಯವೊಂದು ನಮ್ಮ ನಗರಾಡಳಿತದಲ್ಲಿ ಬೇರೂರಿರುವುದು. ಅದು ಸರಿಯಲ್ಲವೆಂದೂ, ನೆಲವನ್ನು ಚೆಲುವಾಗಿ ರೂಪಿಸುವ ವಿದ್ಯೆಯು ಪರಸ್ಪರ ಪರಿಚಯವಿಲ್ಲದ ಜನರನ್ನು ಒಂದೇ ಊರಿನವರನ್ನಾಗಿ ಮಾಡಬಲ್ಲ ಸಾಧನಗಳಲ್ಲಿ ಮುಖ್ಯವಾದುದೆಂದೂ ಬೆಂಗಳೂರಿನ ನಿದರ್ಶನದಿಂದ ನಿವೇದಿಸುವುದು ನನ್ನ ಉದ್ದೇಶ.

ಜರ್ಮನಿಯ ಡ್ರೆಸ್ಡೆನ್ ಸಮೀಪದಲ್ಲಿ 1865ರಲ್ಲಿ ಜನಿಸಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದ ಗಾಯಕವಾಡರ ಸೇವೆಯಲ್ಲಿದ್ದ ಗುಸ್ಟಾವ್ ಹರ್ಮನ್ ಕೃಂಬಿಗಲ್ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1932ರಲ್ಲಿ ನಿವೃತ್ತರಾಗುವವರೆಗೆ ಇಲ್ಲಿಯ ತೋಟಗಾರಿಕೆಯನ್ನು ನಡೆಸಿದರು. ಲಾಲ್‌ಬಾಗಿನಲ್ಲಿ ಅವರು ಮಾಡಿದ ಕಾರ್ಯ ಪ್ರಸಿದ್ಧವಾದುದೇ ಸರಿ. ಆದರೆ ಅದಕ್ಕಿಂತಲೂ ಹಿರಿದೆಂದು ನಾನು ಭಾವಿಸುವುದು ಬೀದಿಗಳಲ್ಲಿ ಅವರು ಅನುಸರಿಸಿದ ಕ್ರಮವನ್ನು. ಬೇರೆ ಬೇರೆ ಋತುಗಳಲ್ಲಿ ಅರಳುವ ಮರಗಳನ್ನು ಬೇರೆ ಬೇರೆ ಬೀದಿಗಳಲ್ಲಿ ನೆಡಿಸಿ, ವರ್ಷದ ಯಾವ ತಿಂಗಳಿನಲ್ಲಿ ನೋಡಿದರೂ ಊರಿನ ಒಂದಲ್ಲ ಒಂದು ಭಾಗವು ಹೂ ಬಿಟ್ಟಿರುವಂತೆ ಅವರು ಯೋಜಿಸಿದರು. ಜಕರಂಡದ ನೇರಳೆ ಉದುರುವ ವೇಳೆಗೆ ಗುಲ್‌ಮೊಹರಿನ ಕೆಂಪು ಏರುವುದು. ಮಳೆಗಾಲ ಕಳೆದು ಚಳಿ ಕಾಲಿಡುವಾಗ ಆಕಾಶಮಲ್ಲಿಗೆಯ ಬಿಳಿಯ ಹೂಗಳು ಬೆಳಗಿನ ದಾರಿಯಲ್ಲಿ ಹಾಸಿರುವುವು. ಈ ಚೆಲುವಿಗೆ ಟಿಕೆಟ್ಟಿಲ್ಲ. ಕಾರಿನಲ್ಲಿ ಸಾಗುವ ಅಧಿಕಾರಿಗೂ, ಸೊಪ್ಪಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುವ ಹೆಣ್ಣುಮಗಳಿಗೂ ಅದು ಒಂದೇ ದಿನ ಒಂದೇ ಪರಿಯಲ್ಲಿ ಲಭಿಸುವುದು. ಮನೆ, ಶಾಲೆ, ಆಸ್ಪತ್ರೆ ಎಲ್ಲವೂ ವರಮಾನಕ್ಕೆ ತಕ್ಕಂತೆ ಹಂಚಿಹೋಗಿರುವ ನಗರಜೀವನದಲ್ಲಿ ಇಂತಹ ಸಮಾನ ಅನುಭವಗಳು ಎಷ್ಟು ಮಿಕ್ಕಿವೆ?

ರೂಪವೂ ಪ್ರಯೋಜನವೂ ಇಲ್ಲಿ ಎರಡಲ್ಲ. ಆಳೆತ್ತರಕ್ಕಿಂತ ಮೇಲೆ ಕವಲೊಡೆಯುವಂತೆ ಬೆಳೆಸಿದ ಮಳೆಮರದ ಸಾಲಿನಲ್ಲಿ ಕೊಂಬೆಗಳು ಮೇಲೆ ಚಪ್ಪರದಂತೆ ಕೂಡಿಕೊಳ್ಳುವುವು. ಕೆಳಗೆ ಕಾಂಡಗಳ ನಡುವೆ ನೋಟವು ದೂರದವರೆಗೆ ತಡೆಯಿಲ್ಲದೆ ಸಾಗುವುದು. ದಾರಿಗೆ ಗಾಂಭೀರ್ಯವನ್ನು ತಂದುಕೊಡುವ ಈ ನಿರಾತಂಕ ನೋಟವೇ ಸಂಜೆ ಒಬ್ಬಳೇ ಮನೆಗೆ ಹಿಂದಿರುಗುವ ಹೆಂಗಸಿಗೆ ಧೈರ್ಯವೂ ಆಗಿರುವುದು. ಅಂದಕ್ಕೆಂದು ಅಲ್ಲಿಯೇ ಎದೆಯೆತ್ತರದ ಪೊದೆಗಳನ್ನು ಒತ್ತಾಗಿ ಬೆಳೆಸಿದೆವೆಂದರೆ ಎರಡೂ ಕೆಟ್ಟುವು.

ತಾವು ನಿತ್ಯ ಕಂಡು ಮೆಚ್ಚಿದುದನ್ನು ಜನರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟುವುದಕ್ಕಾಗಿ 800ಕ್ಕೂ ಹೆಚ್ಚು ಮರಗಳು ಉರುಳಲಿವೆಯೆಂಬುದು ತಿಳಿದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಕೈ ಕೈ ಹಿಡಿದು ರಸ್ತೆಯಂಚಿನಲ್ಲಿ ಸಾಲಾಗಿ ನಿಂತರು. ಮರುವರ್ಷದ ಮಾರ್ಚಿನಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. ವೆಚ್ಚದ ಪ್ರಶ್ನೆಯೂ ಅದರಲ್ಲಿ ಬೆರೆತಿದ್ದಿತು, ನಿಜ. ಆದರೂ ಬರಿಯ ಲೆಕ್ಕಪತ್ರಕ್ಕಾಗಿ ಅಷ್ಟು ಜನರು ಭಾನುವಾರದ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಬೀದಿಗೆ ಬರುತ್ತಿದ್ದರೆಂದು ನಾನು ನಂಬಲಾರೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧಸತ್ಯವನ್ನು ಹೇಳಿದಂತಾದೀತು. ಬೇಲಿಯೊಳಗೆ ಸೇರಿದ ಚೆಲುವು ಜನರನ್ನು ಹೊರಗಿಡುವುದೂ ಉಂಟು. ಬೆಂಗಳೂರಿನ ಬಡಾವಣೆಗಳ ಅನೇಕ ಉದ್ಯಾನಗಳು ಬೆಳಗ್ಗೆ ಮತ್ತು ಸಂಜೆ ವಾಯುಸೇವನೆಗೆ ಬರುವವರಿಗಾಗಿ ಮಾತ್ರ ತೆರೆದು, ನಡುಹಗಲಿನಲ್ಲಿ ಗೇಟಿಗೆ ಬೀಗ ಹಾಕಿಕೊಳ್ಳುತ್ತಿದ್ದುವು. ಅವು ದಿನವಿಡೀ ತೆರೆದಿರಬೇಕೆಂಬ ನಿರ್ಧಾರವಾದುದು 2024ರಲ್ಲಿ. ನೆರಳು ಅತ್ಯವಶ್ಯವಾದ ಹೊತ್ತು ಯಾವುದು? ಪೌರಕಾರ್ಮಿಕರು, ಗಾರೆ ಕೆಲಸದವರು, ಮನೆಮನೆಗೆ ಊಟ ತಲುಪಿಸುವ ಹುಡುಗರು ಬುತ್ತಿ ಬಿಚ್ಚುವ ಆ ಮಧ್ಯಾಹ್ನವಲ್ಲವೆ? ಮರವಿದ್ದೂ ನೆರಳನ್ನು ನಿರಾಕರಿಸುವ ವಿನ್ಯಾಸವನ್ನು ಸುಂದರವೆಂದು ಕರೆಯಲು ನನಗೆ ಮನಸ್ಸು ಬಾರದು.

ನಮ್ಮ ಹಳ್ಳಿಗಳ ಅರಳಿಕಟ್ಟೆಗೆ ಗೇಟಿರಲಿಲ್ಲ, ಹೊತ್ತುಗೊತ್ತಿನ ಕಟ್ಟಳೆಯೂ ಇರಲಿಲ್ಲ. ಅರಳಿಬೇವುಗಳ ಜೋಡಿಯ ಬುಡಕ್ಕೆ ಕಲ್ಲು ಕಟ್ಟಿ ಹಿರಿಯರು ಮಾಡಿದ ಆ ಏರ್ಪಾಡಿನಲ್ಲಿ ಪೂಜೆ, ಪಂಚಾಯಿತಿ, ಹರಟೆ, ವಿಶ್ರಾಂತಿಗಳೆಲ್ಲವೂ ನಡೆಯುತ್ತಿದ್ದುವು. ಆದರೆ ಆ ಕಟ್ಟೆಯ ಮೇಲೆ ಸರಿಸಮನಾಗಿ ಕುಳಿತುಕೊಳ್ಳುವ ಅಧಿಕಾರವು ಎಲ್ಲ ಜಾತಿಯವರಿಗೂ ಇರಲಿಲ್ಲವೆಂಬುದನ್ನು ಮರೆಮಾಚಿ ಅದನ್ನು ಹೊಗಳುವುದು ಧರ್ಮವಲ್ಲ. ಅದರ ರೂಪವನ್ನು ಗ್ರಹಿಸಿ, ಅದರ ನಿಷೇಧವನ್ನು ತೊರೆಯುವುದು ಇಂದಿನ ವಿನ್ಯಾಸಕಾರರ ಕೆಲಸ. ಉದ್ಯಾನವೊಂದನ್ನು ಹೊಸದಾಗಿ ರಚಿಸುವಾಗ, ಮಧ್ಯಾಹ್ನದ ನೆರಳು ಬೀಳುವ ಕಡೆಯನ್ನು ನೋಡಿಕೊಂಡು, ಬೇಲಿಯ ಹೊರಗೆ, ಕಾಲುದಾರಿಗೆ ಮುಖಮಾಡಿ, ಉದ್ದನೆಯ ಕಲ್ಲುಕಟ್ಟೆಯೊಂದನ್ನು ಮೊದಲು ಕಟ್ಟಿಸಲಿ. ಅದರ ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿಯನ್ನೂ ಹೆಂಗಸರಿಗೆ ಶುಚಿಯಾದ ಶೌಚಗೃಹವನ್ನೂ ಇಡಿಸಲಿ. ಹೂವಿನ ಪಾತಿಗಳ ನಕ್ಷೆಯನ್ನು ಆಮೇಲೆ ಬರೆಯಲಿ.