ಪರಿಚಿತರ ಮುಂದೆ ಪರೀಕ್ಷೆ

ಉಡಿಗೆಯ ವಿಷಯದಲ್ಲಿ ನಮ್ಮ ಕನ್ನಡ ಬಹು ಎಚ್ಚರದ ಭಾಷೆ. ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ಹೂವನ್ನು ಮುಡಿಯುತ್ತೇವೆ. ವೇಷವನ್ನು ಮಾತ್ರ ಹಾಕುತ್ತೇವೆ. ತರಗತಿಯಲ್ಲಿ ವರ್ಷವರ್ಷವೂ ಇದನ್ನು ಹೇಳುತ್ತಿದ್ದ ನನಗೆ ಈ ಭೇದದ ಅರ್ಥ ಪೂರ್ತಿ ತಿಳಿದದ್ದು ಒಂದು ಸಂದರ್ಶನದ ಕೋಣೆಯಲ್ಲಿ.

ಅದು ನೆನಪಾಗಲು ಕಾರಣ ನನ್ನ ಮಗಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಮೇಲಧಿಕಾರಿಗಳೂ ಟೀ ಶರ್ಟಿನಲ್ಲಿಯೇ ಬರುವುದು ವಾಡಿಕೆ. ಕಳೆದ ತಿಂಗಳು ಅದೇ ಕಚೇರಿಯಲ್ಲಿ ಮೇಲಿನದೊಂದು ಹುದ್ದೆಗೆ ಸಂದರ್ಶನವಿತ್ತು. ಹಿಂದಿನ ರಾತ್ರಿ ಫೋನು ಮಾಡಿ, “ಅಪ್ಪಾ, ನಾಳೆ ಏನು ಹಾಕ್ಕೊಂಡು ಹೋಗ್ಲಿ? ಜೋರಾಗಿ ಹೊರಟರೆ ಪಕ್ಕದವರು ಏನು ವಿಶೇಷ ಅಂತಾರೆ. ಅರ್ಜಿ ಹಾಕಿರೋದು ಅವರಿಗೆ ಗೊತ್ತಿಲ್ಲ. ದಿನದ ಹಾಗೇ ಹೋದರೆ ಒಳಗೆ ಕೂತೋರು ಅಸಡ್ಡೆ ಅಂದ್ಕೋತಾರೆ” ಎಂದಳು. ಇಂದಿನವರಿಗೆ ಎಲ್ಲವೂ ‘ಹಾಕಿಕೊಳ್ಳುವುದೇ’. ನಾನು ತಿದ್ದಲಿಲ್ಲ.

ಕಚೇರಿಗಳಲ್ಲಿ ಈ ಸಡಿಲಿಕೆ ಮೆಲ್ಲಮೆಲ್ಲನೆ ಬಂದುದು. ಬಿಳಿಯ ಅಂಗಿ, ಕಡುಬಣ್ಣದ ಸೂಟುಗಳಿಗೆ ಹೆಸರಾಗಿದ್ದ ಅಮೆರಿಕದ ಐಬಿಎಂ ಸಂಸ್ಥೆ 1995ರಲ್ಲಿ ಆ ಕಟ್ಟನ್ನು ಬಿಟ್ಟಿತು. ನಮ್ಮ ಇನ್ಫೋಸಿಸ್ 2015ರಲ್ಲಿ ವಾರದ ಎಲ್ಲ ದಿನಗಳಿಗೂ ಸರಳ ಉಡುಪನ್ನು ಒಪ್ಪಿತು. ಕಟ್ಟು ಹೋದುದರಿಂದ ಕಾಲರಿಗೆ ಸುಖವಾಯಿತು, ನಿಜ. ಆದರೆ ನಿಯಮವಿದ್ದಾಗ ಪಾಲಿಸಿದರೆ ಸಾಕಿತ್ತು, ಈಗ ಊಹಿಸಬೇಕು.

ಊಹೆ ತಪ್ಪಿದವನು ನಾನು. 1996ರ ಮಾತು. ನಮ್ಮ ವಿಭಾಗದಲ್ಲಿಯೇ ರೀಡರ್ ಹುದ್ದೆಯ ಸಂದರ್ಶನ. ಖಾದಿ ಜುಬ್ಬ, ಸವೆದ ಚಪ್ಪಲಿಗಳಲ್ಲಿ ವರ್ಷಗಳನ್ನು ಕಳೆದಿದ್ದ ನಾನು ಅಂದು ಭಾವಮೈದುನನ ಕೋಟು ತೊಟ್ಟು ಹೊರಟೆ. ತೋಳು ಬೆರಳ ತುದಿಯವರೆಗೆ ಇಳಿದಿತ್ತು. ಬಾಗಿಲಲ್ಲಿದ್ದ ಜವಾನ, “ಯಾರ ಮದುವೆ ಸಾರ್?” ಎಂದ. ಅಲ್ಲಿಯೇ ಅರ್ಧ ಸೋತೆ. ಒಳಗಿದ್ದವರಲ್ಲಿ ಮೂವರು ನಿತ್ಯ ನನ್ನೊಡನೆ ಕಾಫಿ ಕುಡಿಯುವವರು. ಹರಿಹರನ ರಗಳೆಗಳ ಬಗ್ಗೆ ಕೇಳಿದರು. ನನಗೆ ಅತಿಪ್ರಿಯವಾದ ವಿಷಯ. ನಾನು ಮಾತ್ರ ತೋಳನ್ನು ಮೇಲಕ್ಕೆಳೆಯುತ್ತ, ಯಾರದೋ ದನಿಯಲ್ಲಿ ಒಪ್ಪಿಸಿದೆ. ಹುದ್ದೆ, ದಿನದ ಅಂಗಿಯನ್ನೇ ಇಸ್ತ್ರಿ ಮಾಡಿ ತೊಟ್ಟುಬಂದ ಸಹೋದ್ಯೋಗಿಗೆ ಹೋಯಿತು. ಆಮೇಲೆ ಸಮಿತಿಯಲ್ಲಿದ್ದ ಹಿರಿಯರೊಬ್ಬರು, “ಅಲ್ಲಯ್ಯಾ, ನಿನ್ನೆ ಕ್ಯಾಂಟೀನಿನಲ್ಲಿ ರಗಳೆಯ ಬಗ್ಗೆ ಅಷ್ಟು ಸೊಗಸಾಗಿ ಮಾತಾಡಿದವನು ಇವತ್ತು ಬರಲೇ ಇಲ್ಲವಲ್ಲ!” ಎಂದರು. ಕೋಟಿನಿಂದಲೇ ಸೋತೆನೆನ್ನಲಾರೆ, ಸಹೋದ್ಯೋಗಿ ಯೋಗ್ಯರೇ. ಆದರೆ ಆ ಮಾತು ಬಹುಕಾಲ ನೋಯಿಸಿತು.

ಹೊರಗಿನಿಂದ ಬಂದ ಅಭ್ಯರ್ಥಿಯ ಉಡುಪು ಅವನ ಮೊದಲ ಪರಿಚಯ. ಒಳಗಿನವನ ಉಡುಪನ್ನು ಅವನ ನಿನ್ನೆಯೊಡನೆ ಇಟ್ಟು ನೋಡುತ್ತಾರೆ. ತೀರ ಹೆಚ್ಚಾದರೆ ನಿನ್ನೆಯವನು ಮರೆಯಾಗುತ್ತಾನೆ. ಏನೂ ಹೆಚ್ಚಿಲ್ಲದಿದ್ದರೆ ಇಂದಿನ ಗಾಂಭೀರ್ಯ ಕಾಣುವುದಿಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಸುಳ್ಳಲ್ಲ. ಹೆಣ್ಣುಮಕ್ಕಳ ಪಾಲಿಗಂತೂ ಆ ಪರರ ನೋಟ ಇನ್ನೂ ಕಠಿಣ.

“ನಿನ್ನ ಒಳ್ಳೆಯ ದಿನದ ಬಟ್ಟೆ ಯಾವುದು?” ಎಂದು ಕೇಳಿದೆ. “ಮುಖ್ಯ ಮೀಟಿಂಗಿಗೆ ನೀಲಿ ಹತ್ತಿ ಕುರ್ತಾ” ಎಂದಳು. “ಅದನ್ನೇ ಇಸ್ತ್ರಿ ಮಾಡಿಕೊ. ಒಂದು ಮೆಟ್ಟಿಲು ಮೇಲೆ ಸಾಕಮ್ಮ, ಮಹಡಿ ಬೇಡ. ಸಂದೇಹವಿದ್ದರೆ ಸಂದರ್ಶನಕ್ಕೆ ಕರೆದವರನ್ನೇ ಕೇಳು, ಅದರಲ್ಲಿ ಅವಮಾನವಿಲ್ಲ” ಎಂದೆ. ಕೋಟಿನ ಕಥೆಯನ್ನೂ ಹೇಳಿದೆ. ಮನೆಯಲ್ಲಿ ಅದನ್ನು ಹೇಳಿದ್ದು ಅದೇ ಮೊದಲು. ಬಹಳ ನಕ್ಕಳು.

ಮರುದಿನ ಸಂಜೆ ಮತ್ತೆ ಫೋನು ಬಂತು. ಹುದ್ದೆಯ ನಿರ್ಧಾರ ಆಗಿರಲಿಲ್ಲ, ಇಂದಿಗೂ ಆಗಿಲ್ಲ. “ಒಳಗೆ ಮುಕ್ಕಾಲು ಗಂಟೆ ಇದ್ದೆ ಅಪ್ಪಾ, ಏನು ತೊಟ್ಟಿದ್ದೀನಿ ಅನ್ನೋದೇ ಮರೆತುಹೋಗಿತ್ತು” ಎಂದಳು.

‘ತೊಟ್ಟಿದ್ದೀನಿ’ ಎಂದೇ ಅಂದಳು.