ಮಾತಾಡಿಸುವ ಕೈ, ದುಡಿಯುವ ಕೈ



ಕಿವಿ ಕೇಳದ, ಕಣ್ಣೂ ಕಾಣದ ಬದುಕಿನಲ್ಲಿ ಸಂತೋಷಕ್ಕೆ, ಸಾರ್ಥಕತೆಗೆ ಎಡೆಯುಂಟೇ? ಉಂಟು ಎಂದು ನಾನು ದೃಢವಾಗಿ ನಂಬಿದ್ದೇನೆ. ಆದರೆ ಆ ವ್ಯಕ್ತಿಯ ಮನೋಬಲವೊಂದೇ ಅದಕ್ಕೆ ಸಾಲದು. ಮಾತಾಡಿಸುವವರು ಹತ್ತಿರವಿರಬೇಕು, ಕೈಗೊಂದು ಕೆಲಸವಿರಬೇಕು.

ಕಣ್ಣಿಲ್ಲದವರಿಗೆ ಕಿವಿ ಆಸರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತದಿಂದ ಬದುಕು ಕಟ್ಟಿಕೊಟ್ಟರು. ಕಿವಿ ಕೇಳದವರಿಗೆ ಕಣ್ಣು ಆಸರೆ. ಸಂಜ್ಞಾ ಭಾಷೆ ನಿಂತಿರುವುದೇ ನೋಟದ ಮೇಲೆ. ಎರಡೂ ಇಲ್ಲದವರಿಗೆ ಈ ಎರಡು ದಾರಿಗಳೂ ಇದ್ದಂತೆಯೇ ಒದಗುವುದಿಲ್ಲ. ಅವರ ದಾರಿ ಸ್ಪರ್ಶದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಸ್ಥಿತಿಯನ್ನು ಹೆಸರಿಸಿಯೇ ಗುರುತಿಸಿದೆ.

ಕಿವಿ, ಕಣ್ಣು ಎರಡೂ ಇಲ್ಲದ ಹೆಲೆನ್ ಕೆಲರ್ ಪದವಿ ಪಡೆದದ್ದು 1904ರಲ್ಲಿ. 1955ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ಅವರ ಛಲವನ್ನು ನಾವು ಮನಸಾರೆ ಕೊಂಡಾಡುತ್ತೇವೆ. 1887ರಿಂದ ತಾವು ಸಾಯುವತನಕ, ಸುಮಾರು ಅರ್ಧ ಶತಮಾನ, ಅವರ ಜೊತೆಗಿದ್ದು ಅಂಗೈಯಲ್ಲಿ ಅಕ್ಷರ ಮೂಡಿಸಿದ ಆ್ಯನ್ ಸಲಿವನ್ ಅವರನ್ನು ಮಾತ್ರ ಮರೆಯುತ್ತೇವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ನಮ್ಮ ತಾಲ್ಲೂಕುಗಳಿಗೆ ಬೇಕಾದದ್ದು ಅಂಥ ಒಡನಾಡಿಗಳು.

ಅಂಥ ಒಡನಾಟಕ್ಕೆ ದೊಡ್ಡ ಯಂತ್ರ ಬೇಡ. ಮಗುವನ್ನು ಸಮೀಪಿಸಿದಾಗ ಮೊದಲು ಭುಜ ಮುಟ್ಟಿ, ಒಂದು ಗಳಿಗೆ ಕಾಯಿರಿ. ಊಟಕ್ಕೆ ಮುಂಚೆ ತಟ್ಟೆ, ಸ್ನಾನಕ್ಕೆ ಮುಂಚೆ ತಂಬಿಗೆ ಕೈಗೆ ಕೊಡಿ; ಮುಂದೇನು ಎಂಬುದು ಅದಕ್ಕೆ ತಿಳಿಯುತ್ತದೆ, ದಿಗಿಲು ಕಡಿಮೆಯಾಗುತ್ತದೆ. ಹೊಸದನ್ನು ತೋರಿಸುವಾಗ ಅದರ ಕೈಯನ್ನು ಎಳೆಯಬೇಡಿ. ನಿಮ್ಮ ಕೈಯನ್ನು ಅದರ ಕೈಯ ಕೆಳಗಿಡಿ. ಬೇಕಾದರೆ ಹಿಡಿಯಲಿ, ಬೇಡವಾದರೆ ಬಿಡಲಿ. ಬೇಕು, ಬೇಡ ಎನ್ನುವ ಈ ಸ್ವಾತಂತ್ರ್ಯದಲ್ಲೇ ಸಂತೋಷದ ಮೊದಲ ಪಾಠವಿದೆ.

ದುಡಿಮೆಯ ಮಾತಿಗೂ ದೂರ ಹೋಗಬೇಕಿಲ್ಲ. ಹಳಿಯಾಳ ಸೀಮೆಯ ಸಿದ್ದಿ ಮಹಿಳೆಯರು ಹಳೆ ಬಟ್ಟೆಯ ತುಂಡುಗಳನ್ನಿಟ್ಟು, ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಕೌದಿ ಹೊಲಿಯುತ್ತಾರೆ. ಆ ಹೊಲಿಗೆಯ ಒಂದೊಂದು ಸಾಲೂ ಬೆರಳಿಗೆ ತಾಗುತ್ತದೆ. ಜೋಯಿಡಾದ ಕುಣಬಿ ರೈತರು ಬೆಳೆಯುವ ಗೆಡ್ಡೆಗೆಣಸುಗಳನ್ನು ಆಕಾರ, ಸಿಪ್ಪೆ, ವಾಸನೆಯಿಂದಲೇ ವಿಂಗಡಿಸಬಹುದು. ಇಂಥ ಕಸುಬುಗಳಲ್ಲಿ ಕಿವಿ, ಕಣ್ಣು ಎರಡೂ ಇಲ್ಲದವರಿಗೊಂದು ಜಾಗ ಮಾಡಿಕೊಡಿ. ಗಳಿಸಿದ ಕೂಲಿ ಅವರ ಕೈಗೇ ಸೇರಲಿ. ಕರುಣೆಯ ಕಾಸು ತರದ ಹೆಮ್ಮೆಯನ್ನು ಅದು ತರುತ್ತದೆ.

ಈ ಸಂಕಿರಣದ ಮುಂದೆ ಎರಡು ಕೋರಿಕೆಗಳನ್ನಿಡುತ್ತೇನೆ. ಹುಟ್ಟುಕಿವುಡರಾದ ಕೆಲವರಿಗೆ ಅಷರ್ ಸಿಂಡ್ರೋಮ್‌ನಿಂದ ಮೊದಲು ಇರುಳುಗುರುಡು ಬಂದು, ಬರಬರುತ್ತ ನೋಟವೂ ಕುಗ್ಗುತ್ತದೆ. ಕಿವಿ ಕೇಳದ ಹುಡುಗ ಮುಸ್ಸಂಜೆಯಲ್ಲಿ ಎಡವುತ್ತಿದ್ದರೆ ಅಜಾಗರೂಕನೆಂದು ಗದರಬೇಡಿ, ಕಣ್ಣಿನ ತಪಾಸಣೆ ಮಾಡಿಸಿ. ನೋಟವಿರುವಾಗಲೇ ಬ್ರೈಲ್ ಕಲಿಸಬಹುದು. ಎರಡನೆಯದು, ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸ್ಪರ್ಶದ ಸಂವಹನ ಬಲ್ಲವರು ಒಬ್ಬರಾದರೂ ಇರಲಿ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ನುಡಿಗಳಿಗೆ ಮನೆಯಾದ ಈ ಸೀಮೆಗೆ ಇನ್ನೊಂದು ನುಡಿಯನ್ನು ಕಲಿಯುವುದು ಭಾರವಲ್ಲ.

ಅಂಥವರನ್ನು ಸಿದ್ಧಗೊಳಿಸುವ ತರಬೇತಿಯ ಪಠ್ಯವನ್ನೂ ವೇಳಾಪಟ್ಟಿಯನ್ನೂ ಪಾಲಕರ ಜೊತೆ ಕೂತು ಇಲ್ಲಿಯೇ ಗೊತ್ತುಮಾಡೋಣ ಎಂಬ ಆಶಯದೊಂದಿಗೆ ಸಂಕಿರಣಕ್ಕೆ ಶುಭ ಕೋರುತ್ತೇನೆ.