ಪುಸ್ತಕಕ್ಕೊಂದು ಸ್ವಂತ ಮನೆ

(ಜಾಲಹಳ್ಳಿಯಲ್ಲಿ ಮಾಡಿದ ಉಪನ್ಯಾಸ)



ಹೊಸ ಊರಿಗೆ ಹೋದವನು ಗುಡಿ ಎಲ್ಲಿ ಎಂದು ಕೇಳಿದರೆ ಚಿಕ್ಕ ಮಕ್ಕಳೂ ಕೈಮಾಡಿ ತೋರಿಸುವರು. ಶಾಲೆ ಎಲ್ಲಿ ಎಂದರೂ ಉತ್ತರಕ್ಕೆ ತಡವಿಲ್ಲ. ಆದರೆ ಪುಸ್ತಕಾಲಯವೆಲ್ಲಿ ಎಂದು ಕೇಳಿ ನೋಡಿರಿ: ‘ಮೊದಲು ಆ ಬೀದಿಯಲ್ಲಿತ್ತು, ಈಗ ಎಲ್ಲಿಗೆ ಹೋಗಿದೆಯೋ’ ಎಂಬ ಮಾತೇ ಹಲವು ಊರುಗಳಲ್ಲಿ ಕಿವಿಗೆ ಬೀಳುವದು. ದೇವರಿಗೆ ಮನೆಯುಂಟು, ಪಾಠಕ್ಕೆ ಮನೆಯುಂಟು. ಪುಸ್ತಕವು ಮಾತ್ರ ಬಾಡಿಗೆಯ ಬಿಡಾರದಲ್ಲಿ ದಿನ ನೂಕುತ್ತಿರುವದು. ಈ ಹೊತ್ತು ನಾವು ತಮ್ಮ ಮುಂದಿಡುವ ವಿಷಯ ಇದೊಂದೇ.

ನಮ್ಮ ಸಣ್ಣ ಊರುಗಳ ವಾಚನಾಲಯಗಳು ಹೆಚ್ಚಾಗಿ ಊರವರ ವರ್ಗಣಿಯಿಂದ ಹುಟ್ಟಿದವು. ಯಾರದೋ ಮನೆಯ ಪಡಸಾಲೆ, ಎರಡು ಬೆಂಚು, ಒಂದು ಕಂದೀಲು, ಟಪಾಲಿನಿಂದ ಬಂದ ನಾಲ್ಕು ಪತ್ರಿಕೆಗಳು. ಓದಬಲ್ಲವನು ಗಟ್ಟಿಯಾಗಿ ಓದುವನು, ಉಳಿದವರು ಕೇಳುವರು. ಬೆಳಗಾವಿಯ ಸಾರ್ವಜನಿಕ ವಾಚನಾಲಯವು 1848ರಷ್ಟು ಹಳೆಯದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತೂ ಸ್ಥಾಪಿತವಾದ ಮೇಲೆ ಕನ್ನಡದ ಓದಿಗೆ ಒಂದು ಗುರಿ ಲಭಿಸಿತು. ಏಕೀಕರಣದ ವಿಚಾರವು ಮಹಾಸಭೆಗಳಿಂದ ಹಬ್ಬಿದಷ್ಟೇ ಇಂಥ ಪಡಸಾಲೆಗಳ ಕಂದೀಲಿನ ಬೆಳಕಿನಲ್ಲಿಯೂ ಹಬ್ಬಿತೆಂದು ನಾವು ಬಗೆಯುವೆವು.

ಆದರೆ ನಾಡು ಹರಿದು ಹಂಚಿಹೋಗಿದ್ದಂತೆ ಪುಸ್ತಕಾಲಯಗಳ ಭಾಗ್ಯವೂ ಹರಿದು ಹಂಚಿಹೋಗಿತ್ತು. ಬಳ್ಳಾರಿ, ದಕ್ಷಿಣ ಕನ್ನಡಗಳಿಗೆ ಮದರಾಸಿನ 1948ರ ಪುಸ್ತಕಾಲಯ ಶಾಸನವು ಅನ್ವಯಿಸಿತು. ಕಲಬುರ್ಗಿ, ರಾಯಚೂರು, ಬೀದರಗಳಿಗೆ ಹೈದರಾಬಾದಿನ 1955ರ ಶಾಸನವು ಬಂದಿತು. ಮುಂಬಯಿ ಕರ್ನಾಟಕಕ್ಕಾಗಲಿ ಮೈಸೂರಿಗಾಗಲಿ ಕೊಡಗಿಗಾಗಲಿ ಇಂಥ ಶಾಸನವೇ ಇರಲಿಲ್ಲ. ಒಂದೇ ಭಾಷೆಯನ್ನಾಡುವ ಇಬ್ಬರು ಓದುಗರಲ್ಲಿ ಒಬ್ಬನಿಗೆ ಪುಸ್ತಕವು ಹಕ್ಕು, ಇನ್ನೊಬ್ಬನಿಗೆ ದಾನಿಗಳ ಕೃಪೆ!

1956ರ ನವೆಂಬರ 1ರಂದು ನಾಡು ಒಂದಾಯಿತು. ಪುಸ್ತಕಾಲಯಗಳು ಒಂದಾಗಲು ಇನ್ನೂ ಒಂಬತ್ತು ವರ್ಷ ಬೇಕಾದವು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾಗಿ, ಮರುವರ್ಷ ಅದಕ್ಕೆಂದೇ ಒಂದು ಇಲಾಖೆಯು ಏರ್ಪಟ್ಟು, ಬೀದರದಿಂದ ಚಾಮರಾಜನಗರದವರೆಗೆ ಒಂದೇ ನಿಯಮವು ನಡೆಯಿತು. ಮನೆಗಂದಾಯದ ಜೊತೆಗೆ ಗ್ರಂಥಾಲಯದ ಕರವೂ ಸೇರಿತು. ಈಗ ಅದು ಶೇ. 6ರಂತೆ ಇರುವದು. ಒಂದಾದ ನಾಡಿನಿಂದ ಸಾಮಾನ್ಯನಿಗೆ ಏನು ದೊರೆಯಿತೆಂದು ಕೇಳುವವರಿಗೆ ಇದೂ ಒಂದು ಉತ್ತರವು. ಕಾಸರಗೋಡಿನ ನಮ್ಮ ಬಂಧುಗಳು ಮಾತ್ರ ಈ ಸೂರಿನ ಹೊರಗೆ ಉಳಿದರು. ಅಲ್ಲಿ ನಡೆಯುವದು ಕೇರಳದ 1989ರ ಶಾಸನವು. ಅವರಿಗೆ ಕನ್ನಡ ಪುಸ್ತಕಗಳನ್ನು ತಲುಪಿಸುವ ಹೊಣೆಯು ಗಡಿಯಿಂದ ಈಚೆಗಿರುವ ನಮ್ಮನ್ನು ಬಿಟ್ಟಿಲ್ಲ.

ಹಾಗಾದರೆ ಕೊರತೆ ಯಾವದು? ಶಾಸನವು ಓದುಗನಿಗೆ ಹಕ್ಕನ್ನು ಕೊಟ್ಟಿತು, ಕರವು ಪುಸ್ತಕವನ್ನು ಕೊಟ್ಟಿತು. ಮನೆಯನ್ನು ಕೊಡಬೇಕಾದವರು ಊರವರು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕೆಂಪು ಕಟ್ಟಡವನ್ನು ಅರಿಯದವರಾರು? ದಿವಾನ ಶೇಷಾದ್ರಿ ಅಯ್ಯರರ ಸ್ಮಾರಕವಾಗಿ ಎದ್ದ ಆ ಸಭಾಗೃಹವು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಿಂದ ಪುಸ್ತಕಕ್ಕೆ ಮೀಸಲಾಗಿ, ಇಂದಿಗೂ ರಾಜ್ಯ ಕೇಂದ್ರ ಗ್ರಂಥಾಲಯವಾಗಿ ನಿಂತಿರುವದು. ದೊರೆತನ ಹೋಯಿತು, ದಿವಾನರು ಹೋದರು. ಮನೆಯಿದ್ದುದರಿಂದ ಪುಸ್ತಕ ಉಳಿಯಿತು.

ಮನೆಯಿಲ್ಲದ ಕಡೆ ಏನಾಗುವದೆಂಬುದನ್ನು ನಾವು ಕಣ್ಣಾರೆ ಕಂಡಿರುವೆವು. ಊರ ಹೆಸರು ಬೇಡ. ನಾವು ಎಳೆತನದಿಂದ ಹೋಗುತ್ತಿದ್ದ ಒಂದು ಮಹಡಿಯ ವಾಚನಾಲಯಕ್ಕೆ ಒಂದು ಸಂಜೆ ಹೋದಾಗ ಬಾಗಿಲಿಗೆ ಬೀಗವಿತ್ತು. ಮನೆಯ ಯಜಮಾನರಿಗೆ ಹೆಚ್ಚಿನ ಬಾಡಿಗೆ ಕೊಡುವವರು ದೊರೆತಿದ್ದರು; ಅವರ ತಪ್ಪೆಂದು ನಾವು ಹೇಳಲಾರೆವು. ಪುಸ್ತಕಗಳು ಗೋಣಿಚೀಲಗಳಲ್ಲಿ ಒಂದು ಉಗ್ರಾಣ ಸೇರಿದ್ದವು. ಅವು ಹೊರಬರಲು ಎರಡು ಮಳೆಗಾಲಗಳು ಕಳೆದವು. ಗೆದ್ದಲು ತಿಂದುದನ್ನು ಮರಳಿ ಕೊಳ್ಳಬಹುದು. ಓದುವ ರೂಢಿ ತಪ್ಪಿದ ಮಕ್ಕಳನ್ನು ಯಾವ ಅಂಗಡಿಯಲ್ಲಿ ಕೊಳ್ಳುವದು?

ಬೆಂಗಳೂರಿನಲ್ಲಿಯೇ ನೆಲೆಸಿ 1972ರಲ್ಲಿ ಇಲ್ಲಿಯೇ ಕಣ್ಮುಚ್ಚಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ಗ್ರಂಥಾಲಯವು ಬೆಳೆಯುವ ಜೀವವೆಂಬದು ಅವುಗಳಲ್ಲಿ ಕೊನೆಯದು. ಬೆಳೆಯುವ ಮಗುವನ್ನು ಬಾಡಿಗೆಯ ತೊಟ್ಟಿಲಲ್ಲಿ ಎಷ್ಟು ದಿನ ಇರಿಸಬಹುದು?

ದಾರಿ ತೋರಿಸಿದವರು ಇಲ್ಲದಿಲ್ಲ. ಅಮೇರಿಕದ ಉಕ್ಕಿನ ದೊರೆ ಕಾರ್ನೆಗಿಯ ಹಣದಿಂದ 1883ರಿಂದ 1929ರವರೆಗೆ ಜಗತ್ತಿನಲ್ಲಿ 2,509 ಪುಸ್ತಕಾಲಯಗಳು ಎದ್ದವು. ಆದರೆ ಆತನ ಹಣವು ಪುಕ್ಕಟೆಯಾಗಿರಲಿಲ್ಲ: ನಿವೇಶನವನ್ನು ಊರು ಕೊಡಬೇಕು, ಕಟ್ಟಿದ ವೆಚ್ಚದ ಹತ್ತನೆಯ ಒಂದು ಪಾಲನ್ನು ವರ್ಷ ವರ್ಷವೂ ನಿರ್ವಾಹಕ್ಕೆ ತೆಗೆದಿಡಬೇಕು. ನಮ್ಮ ದೇಶದಲ್ಲಿಯೇ ಬಡೋದೆಯ ಸಯಾಜಿರಾವ್ ಗಾಯಕವಾಡರು 1910ರಿಂದ ಊರೂರಿಗೆ ಪುಸ್ತಕಾಲಯವನ್ನು ಹರಡಿದರು. ಅಲ್ಲಿ ಕಟ್ಟಡಕ್ಕೆ ಮೂರನೆಯ ಒಂದು ಪಾಲು ಊರವರದು. ಮಿಕ್ಕುದು ಪ್ರಾಂತ ಪಂಚಾಯತಿಯದು, ಸಂಸ್ಥಾನದ್ದು. ಬೆವರು ಸುರಿಸಿ ಕಟ್ಟಿದುದನ್ನು ಊರು ಬೀಳಗೊಡುವದಿಲ್ಲವೆಂಬ ಮರ್ಮವನ್ನು ಇಬ್ಬರೂ ಅರಿತಿದ್ದರು.

ಈಗ ಈ ಜಾಲಹಳ್ಳಿಯ ಮಾತು. ಎರಡನೆಯ ಮಹಾಯುದ್ಧದಲ್ಲಿ ಇದು ಸೈನ್ಯದ ಆಸ್ಪತ್ರೆಗಳ ಠಾಣ್ಯವಾಗಿತ್ತು. 1953ರಲ್ಲಿ ಹಿಂದುಸ್ಥಾನ ಮೆಷೀನ್ ಟೂಲ್ಸ್, 1954ರಲ್ಲಿ ಭಾರತ ಎಲೆಕ್ಟ್ರಾನಿಕ್ಸ್ ಇಲ್ಲಿ ಕಾಲೂರಿದವು. ಸೈನ್ಯಕ್ಕೂ ಯಂತ್ರಕ್ಕೂ ಭೂಮಿ ದೊರೆತ ಈ ಊರಲ್ಲಿ ಪುಸ್ತಕಕ್ಕೆ ನಾಲ್ಕು ಅಂಕಣದ ಜಾಗ ದೊರೆಯದೆ? ಯಂತ್ರವನ್ನು ನಡೆಸಿದ ಕೈಗೆ ಪುಸ್ತಕ ಒಗ್ಗದೆಂಬದು ಸುಳ್ಳು. ಪಾಂಡವಪುರ ತಾಲೂಕಿನ ಹರಳಹಳ್ಳಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ಸಂಪಾದನೆಯನ್ನೆಲ್ಲ ಸುರಿದು ಲಕ್ಷಾಂತರ ಪುಸ್ತಕಗಳನ್ನು ಕೂಡಿಸಿ ಅವಕ್ಕೆ ಮನೆಯನ್ನೂ ಮಾಡಿದರು. ಒಬ್ಬರು ಇಷ್ಟು ಮಾಡಬಲ್ಲರಾದರೆ ಒಂದು ಊರು ಎಷ್ಟು ಮಾಡಲಾರದು?

ಆದುದರಿಂದ ನಮ್ಮ ವಿಜ್ಞಾಪನೆಯು ಮೂರೇ ಮಾತು. ಮೊದಲನೆಯದು, ತಾವು ತೆತ್ತ ಗ್ರಂಥಾಲಯ ಕರವು ಪುಸ್ತಕಾಲಯಕ್ಕೆ ಸಲ್ಲುತ್ತಿರುವದೋ ಇಲ್ಲವೋ ಎಂದು ವರ್ಷಕ್ಕೊಮ್ಮೆಯಾದರೂ ಬರೆದು ಕೇಳಿರಿ. ಎರಡನೆಯದು, ಬಡಾವಣೆಗಳ ಸಾರ್ವಜನಿಕ ನಿವೇಶನಗಳ ಹಂಚಿಕೆಯಾಗುವಾಗ ಗುಡಿ, ಉದ್ಯಾನಗಳ ಜೊತೆಗೆ ಪುಸ್ತಕದ ಹೆಸರನ್ನೂ ಎತ್ತಿರಿ. ಮೂರನೆಯದು, ಬಡೋದೆಯ ಹಳ್ಳಿಗರಂತೆ ಮೂರರಲ್ಲೊಂದು ಪಾಲನ್ನು ನಾವೇ ಹೊರುವೆವೆಂದು ಮುಂದಾಗಿ ಹೇಳಿರಿ. ಶಿಕ್ಷಕ ಬಂಧುಗಳು ತಮ್ಮ ಮಕ್ಕಳನ್ನು ವಾರಕ್ಕೊಂದು ಸಂಜೆ ಅಲ್ಲಿಗೆ ಕರೆದುಕೊಂಡು ಬರಲಿ. ಬರುವವರಿಲ್ಲದ ಮನೆಗೆ ಎಂಥ ಗೋಡೆಯಿದ್ದರೇನು?

ನಾಡನ್ನು ಒಂದುಗೂಡಿಸಿದ ಹಿರಿಯರಲ್ಲಿ ಅನೇಕರು ಎರವಲು ಪುಸ್ತಕವನ್ನು ಓದಿ ಬೆಳೆದವರು. ಅವರ ಋಣವು ನಮ್ಮ ಮೇಲಿರುವದು. ಅದನ್ನು ತೀರಿಸಲು ಒಂದು ಬಾಗಿಲು, ನಾಲ್ಕು ಗೋಡೆ, ಬೀಳದ ಒಂದು ಸೂರು ಸಾಕು. ಅದನ್ನು ಈ ಊರಿನಿಂದಲೇ ಆರಂಭಿಸೋಣ.